ಆಸ್ಪತ್ರೆಯಲ್ಲಿ ಪುಟ್ಟ ಮಕ್ಕಳ ಭಯ: ಗಡಿನಾಡ ಮನೆಗಳಿಗೊಂದು ಕೈಪಿಡಿ

ದೊಡ್ಡ ಕಾಯಿಲೆ ಬಂದರೆ ನಮ್ಮಲ್ಲಿ ಹಲವರು ಗಡಿ ದಾಟಿ ಹೋಗುತ್ತೇವೆ. ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರ ಇಲ್ಲವೇ ಮೈಸೂರಿಗೆ, ಹೊಸೂರಿನವರು ಬೆಂಗಳೂರಿಗೆ, ರಾಯದುರ್ಗ-ಆದೋನಿಯವರು ಬಳ್ಳಾರಿಗೆ. ಆದರೆ ಮಗುವಿನ ಲಸಿಕೆ, ರಕ್ತಪರೀಕ್ಷೆ, ಜ್ವರಕ್ಕೆ ಎರಡು ದಿನದ ದಾಖಲಾತಿ, ಬಿದ್ದು ಹಣೆ ಒಡೆದಾಗ ಹಾಕುವ ಹೊಲಿಗೆ ಇವೆಲ್ಲ ಸಾಮಾನ್ಯವಾಗಿ ನಮ್ಮೂರಲ್ಲೇ ಆಗುತ್ತವೆ. ಅಲ್ಲಿನ ದಾದಿ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಮಾತನಾಡುತ್ತಾರೆ. ದೊಡ್ಡವರಾದ ನಮಗೆ ಆ ಭಾಷೆ ಬರುತ್ತದೆ. ಮನೆಯಲ್ಲಿ ಕನ್ನಡವನ್ನೇ ಕೇಳಿ ಬೆಳೆದ ಮೂರು ವರ್ಷದ ಮಗುವಿಗೆ ಅದು ಅಷ್ಟಾಗಿ ಬರುವುದಿಲ್ಲ.

ಆಸ್ಪತ್ರೆ ಎಂದರೆ ಯಾವ ಊರಿನ ಮಗುವಿಗೂ ಭಯವೇ. ನಮ್ಮ ಮಕ್ಕಳಿಗೆ ಅದರ ಮೇಲೆ ಇನ್ನೊಂದು ಕಷ್ಟವಿದೆ: ತನಗೆ ಏನು ಮಾಡುತ್ತಿದ್ದಾರೆ ಎನ್ನುವುದು ಅರ್ಥವಾಗುವ ಮಾತಿನಲ್ಲಿ ಕೇಳಿಸದೇ ಹೋಗಬಹುದು. ಆದ್ದರಿಂದ ಮಗುವಿನ ಪಕ್ಕದಲ್ಲಿ ಅದರ ಮನೆಮಾತಿನಲ್ಲಿ ನಿಜ ಹೇಳುವ ಒಬ್ಬರು ಇರುವುದು ಚಿಕಿತ್ಸೆಯ ಒಂದು ಭಾಗವೇ ಎಂದು ನಾವು ತಿಳಿಯಬೇಕು. ಅದನ್ನು ಮಾಡುವುದು ಹೇಗೆ ಎಂಬುದನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಒಟ್ಟುಗೂಡಿಸಿದ್ದೇವೆ.

ಹಿನ್ನೆಲೆ: ತಾಯಿ ಹೊರಗೆ, ಮಗು ಒಳಗೆ

ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಪಾಶ್ಚಾತ್ಯ ದೇಶಗಳ ಅನೇಕ ಆಸ್ಪತ್ರೆಗಳಲ್ಲಿ ಮಗುವನ್ನು ವಾರ್ಡಿಗೆ ಬಿಟ್ಟು ತಂದೆತಾಯಿ ಮನೆಗೆ ಹೋಗಬೇಕಿತ್ತು. ಭೇಟಿಗೆ ಅವಕಾಶ ಬಹಳ ಕಡಿಮೆ. ತಾಯಿ ಬಂದುಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ, ಹಾಗಾಗಿ ಬಾರದಿರುವುದೇ ಒಳ್ಳೆಯದು ಎಂಬ ನಂಬಿಕೆ ಅಂದು ಇತ್ತು. 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು ಒಂದು ಸಾಕ್ಷ್ಯಚಿತ್ರ ತೆಗೆದರು. ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಲಾರಾ ಎಂಬ ಎರಡು ವರ್ಷದ ಹುಡುಗಿಯನ್ನು ಅದರಲ್ಲಿ ದಿನದಿನವೂ ತೋರಿಸಲಾಗಿದೆ. ಆ ಮಗು ಹೆಚ್ಚು ಅಳುವುದಿಲ್ಲ. ಆದರೆ ದಿನ ಕಳೆದಂತೆ ಮಂಕಾಗುತ್ತದೆ, ಅಮ್ಮನಿಂದಲೇ ಮುಖ ತಿರುಗಿಸುತ್ತದೆ. ಸುಮ್ಮನಿರುವ ಮಗು ಸಮಾಧಾನವಾಗಿದೆ ಎಂದು ಅರ್ಥವಲ್ಲ ಎಂಬುದು ಆಗ ಕಣ್ಣಿಗೆ ಕಂಡಿತು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿಯ ವರದಿಯು, ತಂದೆತಾಯಿ ಮಗುವನ್ನು ನೋಡಲು ನಿರ್ಬಂಧ ಇರಬಾರದು, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯಲು ಅನುಕೂಲ ಮಾಡಬೇಕು ಎಂದು ಶಿಫಾರಸು ಮಾಡಿತು.

ನಮ್ಮ ದೇಶದಲ್ಲಿ ವಾರ್ಡಿನಲ್ಲಿ ಮಗುವಿನ ಜೊತೆ ಅಮ್ಮನೋ ಅಜ್ಜಿಯೋ ಇರುವುದು ರೂಢಿ. ಆದರೆ ಡ್ರೆಸ್ಸಿಂಗ್ ಕೋಣೆ, ರಕ್ತ ತೆಗೆಯುವ ಕೋಣೆ, ಆಪರೇಷನ್ ಥಿಯೇಟರಿನ ಬಾಗಿಲು ಬಂದಾಗ "ನೀವು ಹೊರಗಿರಿ" ಎಂಬ ಮಾತು ಈಗಲೂ ಕೇಳಿಬರುತ್ತದೆ. ಮಗುವಿಗೆ ನಾವು ಹೆಚ್ಚು ಬೇಕಾಗುವುದು ಅದೇ ಹೊತ್ತಿನಲ್ಲಿ.

ಯಾವ ವಯಸ್ಸಿಗೆ ಯಾವ ಭಯ

*ಆರು ತಿಂಗಳೊಳಗೆ:* ಮಾತಿನ ವಿವರಣೆ ತಲುಪುವುದಿಲ್ಲ. ಮೈಯ ಬಿಸಿ, ಎದೆಹಾಲು, ಪರಿಚಿತ ದನಿ ತಲುಪುತ್ತವೆ.

*ಆರು ತಿಂಗಳಿಂದ ಮೂರು ವರ್ಷ:* ದೊಡ್ಡ ಭಯ ಅಮ್ಮ ಬಿಟ್ಟುಹೋಗುತ್ತಾಳೆ ಎಂಬುದು. ಅಪರಿಚಿತ ಮುಖ, ಬಲವಂತವಾಗಿ ಹಿಡಿದು ಮಲಗಿಸುವುದು ಇವೂ ಹೆದರಿಸುತ್ತವೆ. ಮೊದಲೇ ಹೇಳಿದ್ದು ನೆನಪಿರುವುದಿಲ್ಲ. ಆ ದಿನವೇ, ಹೊರಡುವ ಮುಂಚೆ ಹೇಳಿದರೆ ಸಾಕು.

*ಮೂರರಿಂದ ಆರು ವರ್ಷ:* ಕಲ್ಪನೆ ಹೆಚ್ಚು. ತಾನು ತಂಟೆ ಮಾಡಿದ್ದಕ್ಕೆ ಈ ಶಿಕ್ಷೆ ಎಂದುಕೊಳ್ಳುವ ವಯಸ್ಸು. ರಕ್ತ ತೆಗೆಯುತ್ತಾರೆ ಎಂದರೆ ಎಲ್ಲ ರಕ್ತವೂ ಖಾಲಿಯಾಗುತ್ತದೆ ಎಂದು ಯೋಚಿಸಬಹುದು. ಒಂದೆರಡು ದಿನ ಮೊದಲು, ಆಟದ ಮೂಲಕ ಹೇಳಿ. "ನೀನು ತಪ್ಪು ಮಾಡಿದ್ದಕ್ಕಲ್ಲ" ಎಂಬುದನ್ನು ಬಿಡದೆ ಹೇಳಿ.

*ಆರು ವರ್ಷದ ಮೇಲೆ:* ಏನು, ಏಕೆ, ಎಷ್ಟು ಹೊತ್ತು ಎಂದು ತಿಳಿದುಕೊಳ್ಳಬೇಕು ಅನ್ನಿಸುತ್ತದೆ. ಅಳುವುದು ನಾಚಿಕೆ ಎನಿಸುತ್ತದೆ. ಯೋಜಿತ ಶಸ್ತ್ರಚಿಕಿತ್ಸೆಯಾದರೆ ಸುಮಾರು ಒಂದು ವಾರ ಮೊದಲೇ ಹೇಳಬಹುದು. ಪ್ರಶ್ನೆಗೆ ನೇರ ಉತ್ತರ ಕೊಡಿ.

ಮನೆಯಲ್ಲೇ ಆಗುವ ಸಿದ್ಧತೆ

ಮೊದಲ ಕೆಲಸ ಒಂದು ಹಳೆಯ ಅಭ್ಯಾಸವನ್ನು ಬಿಡುವುದು. "ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸ್ತೇನೆ" ಎಂಬ ಮಾತು ನಮ್ಮ ಬಹುತೇಕ ಮನೆಗಳಲ್ಲಿದೆ. ಗುಮ್ಮನ ಜಾಗದಲ್ಲಿ ವೈದ್ಯರನ್ನು ಕೂರಿಸಿದರೆ, ನಿಜವಾಗಿ ವೈದ್ಯರ ಬಳಿ ಹೋಗುವ ದಿನ ಮಗು ಹೆದರದೆ ಇನ್ನೇನು ಮಾಡೀತು?

ಎರಡನೆಯದು ಸುಳ್ಳು ಹೇಳದಿರುವುದು. "ಐಸ್‌ಕ್ರೀಂ ತಿನ್ನೋಕೆ ಹೋಗೋಣ" ಎಂದು ಕರೆದುಕೊಂಡು ಹೋಗಿ ಸೂಜಿ ಹಾಕಿಸಿದರೆ ಆ ದಿನದ ಕೆಲಸ ಆಗುತ್ತದೆ. ಮುಂದಿನ ಸಲ ಐಸ್‌ಕ್ರೀಂ ಅಂಗಡಿಗೂ ಮಗು ಬರಲು ಒಪ್ಪದೇ ಇರಬಹುದು. "ಏನೂ ನೋವಾಗಲ್ಲ" ಎಂಬುದೂ ಅಂಥದೇ. ನೋವಾದ ಕ್ಷಣಕ್ಕೆ ನಮ್ಮ ಮಾತಿನ ಬೆಲೆ ಹೋಗುತ್ತದೆ.

"ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ನಾವೆಲ್ಲ ಹೇಳುತ್ತೇವೆ. ಕೆಂಪಿರುವೆ ಕಚ್ಚಿ ಊದಿಸಿಕೊಂಡ ಮಗುವಿಗೆ ಅದು ಸಮಾಧಾನದ ಮಾತಲ್ಲ. ಹೋಲಿಕೆ ಬೇಡ, ಆಗುವುದನ್ನು ಹೇಳಿದರೆ ಸಾಕು. ಕೆಲವು ಉದಾಹರಣೆಗಳು:

- "ಪ್ರಜ್ಞೆ ತಪ್ಪಿಸ್ತಾರೆ" ಎನ್ನುವ ಬದಲು: "ಔಷಧ ಕೊಟ್ಟು ನಿದ್ದೆ ಬರಿಸ್ತಾರೆ. ಆಗ ನಿನಗೆ ನೋವು ಗೊತ್ತಾಗಲ್ಲ. ಕೆಲಸ ಮುಗಿದ ಮೇಲೆ ಎಬ್ಬಿಸ್ತಾರೆ."
- "ಹೊಟ್ಟೆ ಕೊಯ್ತಾರೆ" ಎನ್ನುವ ಬದಲು: "ಹೊಟ್ಟೆಯಲ್ಲಿ ನೋವು ಕೊಡ್ತಿರೋದನ್ನ ಡಾಕ್ಟರು ಸರಿ ಮಾಡ್ತಾರೆ."
- "ರಕ್ತ ತೆಗೀತಾರೆ" ಎನ್ನುವುದರ ಜೊತೆಗೆ: "ಸ್ವಲ್ಪವೇ. ನಿನ್ನ ಮೈಯಲ್ಲಿ ಇನ್ನೂ ತುಂಬ ಇರುತ್ತೆ, ಮತ್ತೆ ಹೊಸದೂ ಬರುತ್ತೆ."
- ಡ್ರಿಪ್ ಹಾಕಿದಾಗ: "ಸೂಜಿ ಹೊರಗೆ ಬಂತು. ಈಗ ಕೈಯಲ್ಲಿರೋದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಮಾತ್ರ." ಸೂಜಿ ಒಳಗೇ ಇದೆ ಎಂದು ತಿಳಿದು ಎಷ್ಟೋ ಮಕ್ಕಳು ದಿನವಿಡೀ ಕೈ ಅಲ್ಲಾಡಿಸದೆ ಕೂತಿರುತ್ತಾರೆ.
- ಎಕ್ಸ್‌ರೇಗೆ: "ಮೂಳೆಯ ಫೋಟೋ ತೆಗೀತಾರೆ. ಮೆಷಿನ್ ನಿನ್ನನ್ನ ಚುಚ್ಚಲ್ಲ. ಫೋಟೋ ತೆಗೆಯೋವಾಗ ಅಲ್ಲಾಡಬಾರದು."

ಮೂರನೆಯದು ಆಟ. ಬೊಂಬೆಯೊಂದಕ್ಕೆ ಮಗುವೇ ಡಾಕ್ಟರಾಗಲಿ. ಹತ್ತಿಯಿಂದ ಕೈ ಒರೆಸುವುದು, ಪಟ್ಟಿ ಕಟ್ಟುವುದು, ಚಮಚ ಇಟ್ಟು ಎದೆಬಡಿತ ಕೇಳುವುದು. ನಿಜವಾದ ಸೂಜಿ ಬೇಡ. ಆಟ ಆಡುವಾಗ ಮಗು ಬೊಂಬೆಗೆ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳಿ. ಅದರ ಭಯ ಎಲ್ಲಿದೆ ಎಂಬುದು ಅಲ್ಲಿ ತಿಳಿಯುತ್ತದೆ.

ಲಸಿಕೆಯ ದಿನ

ರಾಷ್ಟ್ರೀಯ ವೇಳಾಪಟ್ಟಿಯ ಪ್ರಕಾರ ಹುಟ್ಟಿದಾಗ, 6, 10, 14 ವಾರಗಳಲ್ಲಿ ಮತ್ತು 9 ತಿಂಗಳು ತುಂಬಿದ ಮೇಲೆ ಲಸಿಕೆ ಇರುತ್ತದೆ. ವರ್ಷ ತುಂಬುವುದರೊಳಗೆ ಮಗು ಹತ್ತಕ್ಕೂ ಹೆಚ್ಚು ಸಲ ಸೂಜಿ ಕಾಣುತ್ತದೆ. ಆಮೇಲೆ 16ರಿಂದ 24 ತಿಂಗಳಿಗೆ, 5-6 ವರ್ಷಕ್ಕೆ, 10 ಮತ್ತು 16 ವರ್ಷಕ್ಕೆ. ಸೂಜಿಯ ಭಯ ಹುಟ್ಟುವುದಕ್ಕೂ ಅದನ್ನು ತಡೆಯುವುದಕ್ಕೂ ಇಲ್ಲೇ ಹೆಚ್ಚು ಅವಕಾಶ. ಈ ಭಯ ದೊಡ್ಡವರಾದ ಮೇಲೂ ಉಳಿದು, ಬೇಕಾದ ಚಿಕಿತ್ಸೆಯನ್ನೇ ಮುಂದೂಡುವವರು ನಮ್ಮ ನಡುವೆ ಇದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆ 2015ರ ಸೆಪ್ಟೆಂಬರಿನಲ್ಲಿ ಲಸಿಕೆಯ ನೋವು ಕಡಿಮೆ ಮಾಡುವ ಬಗ್ಗೆ ತನ್ನ ನಿಲುವನ್ನು ಪ್ರಕಟಿಸಿತು. ಅದರಲ್ಲಿರುವ ಹಲವು ಕ್ರಮಗಳಿಗೆ ಖರ್ಚಿಲ್ಲ. ಹಳ್ಳಿಯ ಉಪಕೇಂದ್ರದಲ್ಲೂ ಮಾಡಬಹುದು:

- ತಂದೆ ಅಥವಾ ತಾಯಿ ಪಕ್ಕದಲ್ಲೇ ಇರುವುದು.
- ಎಳೆಯ ಮಗುವನ್ನು ಎತ್ತಿ ಹಿಡಿದುಕೊಳ್ಳುವುದು, ದೊಡ್ಡ ಮಗುವನ್ನು ನೆಟ್ಟಗೆ ಕೂರಿಸುವುದು.
- ಹಾಲು ಕುಡಿಯುವ ಮಗುವಿಗೆ ಸೂಜಿಯ ಹೊತ್ತಿಗೆ ಅಥವಾ ಸ್ವಲ್ಪ ಮುಂಚೆ ಎದೆಹಾಲು ಕೊಡುವುದು.
- ಒಂದೇ ದಿನ ಹಲವು ಲಸಿಕೆ ಇದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕುವುದು.
- ಆರು ವರ್ಷದೊಳಗಿನವರ ಗಮನವನ್ನು ಬೇರೆಡೆಗೆ ಸೆಳೆಯುವುದು.
- "ಈಗ ಚುಚ್ತೀನಿ ನೋಡು" ಎನ್ನದೆ "ಈಗ ಹಾಕ್ತೀನಿ" ಎಂದು ಸಾದಾ ಮಾತಿನಲ್ಲಿ ಹೇಳುವುದು.

ಜೇನುತುಪ್ಪ ನೆಕ್ಕಿಸುವ ರೂಢಿ ಕೆಲವು ಮನೆಗಳಲ್ಲಿದೆ. ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ನವಜಾತ ಶಿಶುವಿನ ನೋವು ತಗ್ಗಿಸಲು ಆಸ್ಪತ್ರೆಗಳಲ್ಲಿ ಸಕ್ಕರೆ ದ್ರಾವಣದ ಕೆಲವು ಹನಿ ಕೊಡುವ ಕ್ರಮವಿದೆ. ಅದನ್ನು ಅಲ್ಲಿನವರೇ ಕೊಡಬೇಕು, ಮನೆಯಲ್ಲಿ ಕಲಸಿ ತರುವುದಲ್ಲ.

ಹಿಡಿಯುವ ರೀತಿ, ಮಾತಿನ ರೀತಿ

ನಾಲ್ಕು ಜನ ಕೈಕಾಲು ಒತ್ತಿ ಹಿಡಿದು ಮಗುವನ್ನು ಅಂಗಾತ ಮಲಗಿಸುವುದು ಅದಕ್ಕೆ ಸೂಜಿಗಿಂತ ದೊಡ್ಡ ಭಯ. ಬದಲಿಗೆ ನೀವು ಕುರ್ಚಿಯಲ್ಲಿ ಕೂತು ಮಗುವನ್ನು ತೊಡೆಯ ಮೇಲೆ ನಿಮ್ಮ ಕಡೆಗೆ ಮುಖ ಮಾಡಿ ಕೂರಿಸಿಕೊಳ್ಳಿ. ಎದೆಗೆ ಎದೆ ತಾಗುವಂತೆ ಅಪ್ಪಿಕೊಳ್ಳಿ. ಕಾಲುಗಳು ನಿಮ್ಮ ಸೊಂಟದ ಎರಡೂ ಬದಿಗೆ ಇರಲಿ. ಸೂಜಿ ಹಾಕಬೇಕಾದ ಕೈಯನ್ನು ಮಾತ್ರ ದಾದಿಗೆ ಕೊಡಿ. ಮಗು ಅಲ್ಲಾಡದಂತೆಯೂ ಆಯಿತು, ಅಪ್ಪುಗೆಯೂ ಆಯಿತು.

"ಹೆದರಬೇಡ, ಹೆದರಬೇಡ, ಏನೂ ಆಗಲ್ಲ" ಎಂದು ಒಂದೇ ಸಮನೆ ಹೇಳುವುದು ಸಹಜ. ಆದರೆ ಹಾಗೆ ಹೇಳಿದಷ್ಟೂ ಮಕ್ಕಳ ಕಳವಳ ಹೆಚ್ಚುತ್ತದೆ, ಬೇರೆ ವಿಷಯ ಮಾತನಾಡಿದರೆ ಇಳಿಯುತ್ತದೆ ಎಂಬುದು ಈ ಕುರಿತ ಅಧ್ಯಯನಗಳಲ್ಲಿ ಕಂಡುಬಂದಿದೆ. ದೊಡ್ಡವರು ಅಷ್ಟು ಸಲ ಹೇಳುತ್ತಿದ್ದಾರೆ ಎಂದರೆ ಹೆದರುವಂಥದ್ದು ಏನೋ ಇದೆ ಎಂದೇ ಮಗು ಲೆಕ್ಕ ಹಾಕುತ್ತದೆ. "ಗಂಡುಮಗ ಅಳ್ತಾನಾ?" ಎಂದು ಹೀಯಾಳಿಸುವುದೂ ಬೇಡ. "ಅಳು ಬಂದರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ" ಎನ್ನಿ. ಅದು ಮಗುವಿಗೆ ಮಾಡಲು ಸಾಧ್ಯವಿರುವ ಕೆಲಸ.

ಗಮನ ಬದಲಿಸಲು ಮೊಬೈಲ್ ಒಂದೇ ದಾರಿಯಲ್ಲ. ಸೋಪಿನ ಗುಳ್ಳೆ ಊದಿಸಿ, ಹುಟ್ಟುಹಬ್ಬದ ಮೇಣದಬತ್ತಿ ಆರಿಸುವಂತೆ ಉಸಿರು ಬಿಡಿಸಿ, ಬರುವ ಶಿಶುಗೀತೆಯನ್ನು ಜೊತೆಗೆ ಹೇಳಿ, ಮನೆಯ ಬೆಕ್ಕಿನ ಕಥೆ ಕೇಳಿ. ಸಣ್ಣ ಆಯ್ಕೆಗಳನ್ನು ಕೊಡಿ: "ಎಡಗೈಯೋ ಬಲಗೈಯೋ? ನೋಡ್ತೀಯೋ ಈ ಕಡೆ ತಿರುಗ್ತೀಯೋ?" ಹಾಕಿಸಿಕೊಳ್ಳಬೇಕೋ ಬೇಡವೋ ಎಂಬ ಆಯ್ಕೆ ಇಲ್ಲದಿರುವಾಗ "ಹಾಕಿಸ್ಕೋತೀಯಾ?" ಎಂದು ಕೇಳಬೇಡಿ.

ರಕ್ತನಾಳ ಸಿಗದೆ ಹಲವು ಸಲ ಚುಚ್ಚಬೇಕಾಗಿ ಬಂದರೆ, ತುರ್ತು ಇಲ್ಲದಿದ್ದಲ್ಲಿ, ಸ್ವಲ್ಪ ನಿಲ್ಲಿಸಿ ಇನ್ನೊಬ್ಬ ಅನುಭವಿಗಳನ್ನು ಕರೆಯಲು ಸಾಧ್ಯವೇ ಎಂದು ವಿನಯದಿಂದ ಕೇಳಬಹುದು. ಚರ್ಮ ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಮುಲಾಮು ಇದೆ. ಸುಮಾರು ಒಂದು ಗಂಟೆ ಮೊದಲೇ ಹಚ್ಚಿ ಮುಚ್ಚಿಡಬೇಕಾಗುತ್ತದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ಬಳಸಬೇಕು, ಅದರಲ್ಲೂ ಎಳೆಯ ಮಕ್ಕಳಿಗೆ. ಪ್ರಾಣಕ್ಕೆ ಅಪಾಯವಿರುವ ತುರ್ತಿನಲ್ಲಿ ಇದಾವುದಕ್ಕೂ ಸಮಯ ಇರುವುದಿಲ್ಲ. ಆಗ ನಿಮ್ಮ ದನಿ ಮಗುವಿಗೆ ಕೇಳುತ್ತಿದ್ದರೆ ಅದೇ ಸಾಕು.

ಪಕ್ಕದ ಭಾಷೆಯ ಮಾತುಗಳು

ದಾದಿ ಪ್ರೀತಿಯಿಂದಲೇ ಹೇಳಿದ ಮಾತು ಮಗುವಿಗೆ ಬೇರೆಯಾಗಿ ಕೇಳಿಸಬಹುದು. ಮಲಯಾಳದ "ಕರಯಲ್ಲೇ" ಎಂದರೆ ಅಳಬೇಡ. ಕನ್ನಡದ ಕಿವಿಗೆ ಅದು "ಕರೆಯಲ್ಲ" ಎಂಬಂತೆ ಕೇಳಿದರೆ, ಅಮ್ಮನನ್ನು ಕರೆಯುವುದಿಲ್ಲ ಎಂದೇ ಮಗು ತಿಳಿದೀತು. ಆಸ್ಪತ್ರೆಗೆ ಹೋಗುವ ಮುಂಚೆ ಈ ನಾಲ್ಕೈದು ಮಾತುಗಳನ್ನು ಆಟದಲ್ಲೇ ಮಗುವಿಗೆ ಪರಿಚಯಿಸಿ.

- *ನೋವು:* ಮಲಯಾಳ – ವೇದನ. ತಮಿಳು – ವಲಿ. ತೆಲುಗು – ನೊಪ್ಪಿ. ಮರಾಠಿಯಲ್ಲಿ "ದುಖತಂಯ್ ಕಾ?" ಎಂದರೆ ನೋಯುತ್ತಿದೆಯಾ.
- *ಸೂಜಿ:* ಮಲಯಾಳ – ಸೂಚಿ. ತಮಿಳು – ಊಸಿ. ಮರಾಠಿ – ಸುಈ. ತೆಲುಗು – ಸೂದಿ.
- *ಅಳಬೇಡ:* ಮಲಯಾಳ – ಕರಯಲ್ಲೇ. ತಮಿಳು – ಅಳಾದೇ. ಮರಾಠಿ – ರಡೂ ನಕೋ. ತೆಲುಗು – ಏಡವಕು.
- *ಅಲ್ಲಾಡಬೇಡ:* ಮಲಯಾಳ – ಅನಙ್ಙರುದ್. ತಮಿಳು – ಅಸೈಯಾದೇ. ಮರಾಠಿ – ಹಲೂ ನಕೋ. ತೆಲುಗು – ಕದಲಕು.
- *ಮುಗಿಯಿತು:* ಮಲಯಾಳ – ಕಳಿಞ್ಞು. ತಮಿಳು – ಮುಡಿಂಜಿದು. ಮರಾಠಿ – ಝಾಲಂ. ತೆಲುಗು – ಅಯಿಪೋಯಿಂದಿ.

ತಂದೆತಾಯಿ ಕೇಳಬೇಕಾದ ಮಾತು ಒಂದೇ: "ನಾನು ಮಗುವಿನ ಜೊತೆ ಇರಲೇ?" ಮಲಯಾಳದಲ್ಲಿ "ಞಾನ್ ಕುಟ್ಟಿಯುಡೆ ಕೂಡೆ ನಿಲ್ಕಟ್ಟೆ?" ತಮಿಳಿನಲ್ಲಿ "ನಾನ್ ಕುಳಂದೈ ಕೂಡ ಇರುಕ್ಕಲಾಮಾ?" ಮರಾಠಿಯಲ್ಲಿ "ಮೀ ಬಾಳಾಜವಳ್ ಥಾಂಬೂ ಕಾ?" ತೆಲುಗಿನಲ್ಲಿ "ನೇನು ಪಾಪ ದಗ್ಗರ ಉಂಡೊಚ್ಚಾ?"

ಇದರ ಇನ್ನೊಂದು ಮುಖವೂ ಇದೆ. ಮಗು ಹೇಳಿದ್ದು ಆಸ್ಪತ್ರೆಯವರಿಗೆ ಅರ್ಥವಾಗಬೇಕು. ಜತ್ತ, ಅಕ್ಕಲಕೋಟೆ ಕಡೆಯ ಮಗು "ಹೊಟ್ಟಿ ಕಡೀತೈತಿ" ಎನ್ನುತ್ತದೆ. ಕಾಸರಗೋಡಿನ ಹವ್ಯಕ ಮನೆಯ ಮಗು "ಬೇನೆ" ಎನ್ನುತ್ತದೆ. ಮಗುವನ್ನು ದಾಖಲಿಸುವಾಗ ಒಂದು ಚೀಟಿ ಬರೆದು ಹಾಸಿಗೆಯ ತಲೆಕಡೆ ಅಂಟಿಸಲು ಕೊಡಿ. ನೋವು, ನೀರು, ಮೂತ್ರ, ವಾಂತಿ, ಚಳಿ ಇವಕ್ಕೆ ನಿಮ್ಮ ಮಗು ಬಳಸುವ ಮಾತು, ಎದುರಿಗೆ ಆ ಊರಿನ ಲಿಪಿಯಲ್ಲಿ ಅರ್ಥ, ಮಗು ಅಮ್ಮನನ್ನು ಏನೆಂದು ಕರೆಯುತ್ತದೆ (ಅಮ್ಮ, ಅವ್ವ, ಅಬ್ಬೆ), ಯಾವ ಆಟಿಕೆ ಬೇಕು. ಇಷ್ಟಿದ್ದರೆ ರಾತ್ರಿ ಪಾಳಿಯ ದಾದಿಗೂ ಅನುಕೂಲ.

ಮಾತು ಸಾಲದೇ ಹೋದಲ್ಲಿ ಚಿತ್ರ ನೆರವಾಗುತ್ತದೆ. ನಗುವ ಮುಖದಿಂದ ಅಳುವ ಮುಖದವರೆಗೆ ಆರು ಮುಖಗಳಿರುವ ವಾಂಗ್-ಬೇಕರ್ ನೋವಿನ ಪಟವನ್ನು ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ ತೋರಿಸುತ್ತಾರೆ. ತನ್ನ ನೋವು ಯಾವ ಮುಖದಂತಿದೆ ಎಂದು ಮಗು ಬೆರಳಿಟ್ಟು ತೋರಿಸಿದರೆ ಸಾಕು. ಅದಕ್ಕೆ ಯಾವ ಭಾಷೆಯೂ ಬೇಡ.

ಅರಿವಳಿಕೆ ಕೊಡುವ ಶಸ್ತ್ರಚಿಕಿತ್ಸೆ

ಇಲ್ಲಿ ಮೊದಲು ತಿಳಿಯಬೇಕಾದದ್ದು ಉಪವಾಸದ ವಿಷಯ. ಹೊಟ್ಟೆಯಲ್ಲಿ ಆಹಾರವಿದ್ದಾಗ ಅರಿವಳಿಕೆ ಕೊಟ್ಟರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಯೋಜಿತ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಹೇಳುವ ಅಂತರ ಹೀಗೆ: ಲಘು ಆಹಾರ, ಹಸುವಿನ ಹಾಲು, ಪುಡಿಹಾಲಿಗೆ 6 ಗಂಟೆ, ಎದೆಹಾಲಿಗೆ 4 ಗಂಟೆ, ನೀರಿಗೆ 2 ಗಂಟೆ. ನಿಮ್ಮ ವೈದ್ಯರು ಹೇಳಿದ ಸಮಯವೇ ಅಂತಿಮ. ಹಸಿದು ಅಳುವ ಮೊಮ್ಮಗುವಿಗೆ ಪ್ರೀತಿಯಿಂದ ಒಂದು ಬಿಸ್ಕತ್ತು ಕೊಡುವ ಅಜ್ಜಿಗೆ ಈ ಕಾರಣವನ್ನು ಬಿಡಿಸಿ ಹೇಳಿ. ಹಾಗೇನಾದರೂ ಕೊಟ್ಟಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಶಸ್ತ್ರಚಿಕಿತ್ಸೆ ಮುಂದೆ ಹೋದರೂ ಚಿಂತೆಯಿಲ್ಲ, ಮಗು ಕ್ಷೇಮ.

ಅರಿವಳಿಕೆ ತಜ್ಞರನ್ನು ಮೊದಲೇ ಮೂರು ಪ್ರಶ್ನೆ ಕೇಳಿ. ಮಗುವಿನ ಜೊತೆ ಎಲ್ಲಿಯವರೆಗೆ ಬರಬಹುದು? ಕಳವಳ ತಗ್ಗಿಸುವ ಔಷಧವನ್ನು ಮೊದಲೇ ಕೊಡುತ್ತೀರಾ? ಎಚ್ಚರವಾಗುವಾಗ ನಮ್ಮನ್ನು ಕರೆಯುತ್ತೀರಾ? ಮೂರನೆಯದು ನಮಗೆ ಬಹಳ ಮುಖ್ಯ. ಅರಿವಳಿಕೆಯಿಂದ ಏಳುವಾಗ ಕೆಲವು ಮಕ್ಕಳು ಗೊಂದಲದಿಂದ ಕಿರುಚುತ್ತಾರೆ, ಅಮ್ಮನ ಗುರುತೂ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಅದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕಿವಿಗೆ ಬೀಳುವ ಮೊದಲ ಮಾತು ತನ್ನ ಮನೆಯದ್ದಾಗಿರಲಿ.

ಒಳಗೆ ಹೋಗುವವರು ಶಾಂತವಾಗಿರುವವರಾಗಬೇಕು. ರಕ್ತ ಕಂಡರೆ ಅಮ್ಮನಿಗೆ ತಲೆ ಸುತ್ತುವುದಾದರೆ ಅಪ್ಪನೋ ಚಿಕ್ಕಮ್ಮನೋ ಸೋದರಮಾವನೋ ಹೋಗಲಿ.

ಕೇಳುವುದು ನಮ್ಮ ಹಕ್ಕು

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿಯುವ ಮಟ್ಟದಲ್ಲಿ, ತಿಳಿಯುವ ಭಾಷೆಯಲ್ಲಿ ಹೇಳಬೇಕು ಎನ್ನುತ್ತದೆ. ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೂ ಬೆಲೆ ಇರಬೇಕು ಎಂಬುದು ಅದರ 12ನೆಯ ವಿಧಿ. ಒಪ್ಪಿಗೆ ಪತ್ರ ನಿಮಗೆ ಓದಲು ಬಾರದ ಲಿಪಿಯಲ್ಲಿದ್ದರೆ ಓದಿ ಅರ್ಥ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಜಗಳ ಬೇಡ, ವಿನಯದಿಂದ ಕೇಳಿದರೆ ಸಾಕು. ಕೆಲಸದ ಒತ್ತಡದಲ್ಲಿರುವ ದಾದಿಗೆ, ಶಾಂತವಾಗಿ ಕೂತ ಮಗುವಿನಿಂದ ಕೆಲಸ ಸುಲಭವಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ.

ಮನೆಗೆ ಬಂದ ಮೇಲೆ

ಕೆಲವು ದಿನ ಮಗು ಹಾಸಿಗೆ ಒದ್ದೆ ಮಾಡಬಹುದು, ಸೆರಗು ಬಿಡದಿರಬಹುದು, ರಾತ್ರಿ ಬೆಚ್ಚಿ ಏಳಬಹುದು. ಬೈಯಬೇಡಿ. ಬಹುತೇಕ ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಮುಂದುವರಿದರೆ ಮಕ್ಕಳ ವೈದ್ಯರಿಗೆ ಹೇಳಿ. ಬಂದವರ ಎದುರಿಗೆ "ಎಷ್ಟು ರಂಪ ಮಾಡಿದ ಗೊತ್ತಾ" ಎಂದು ನಗಬೇಡಿ. "ಅಳು ಬಂದರೂ ಕೈ ಅಲ್ಲಾಡಿಸಲಿಲ್ಲ" ಎಂದು, ಮಗು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೆಸರಿಸಿ ಹೊಗಳಿ. ಮುಂದಿನ ಸಲಕ್ಕೆ ಮಗು ನೆನಪಿಟ್ಟುಕೊಳ್ಳುವುದು ಆ ಮಾತನ್ನು.

ಗಡಿಭಾಗದ ಕನ್ನಡ ಶಾಲೆಗಳ ಶಿಕ್ಷಕರು, ಅಂಗನವಾಡಿಯ ಕಾರ್ಯಕರ್ತೆಯರು ಲಸಿಕೆಯ ದಿನಕ್ಕೆ ಮೊದಲು ಬೊಂಬೆಯಾಟವನ್ನೂ ಪಕ್ಕದ ಭಾಷೆಯ ಐದು ಮಾತುಗಳನ್ನೂ ತರಗತಿಯಲ್ಲಿ ಬಳಸಬಹುದು. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವಾಗ ಹೆಚ್ಚು ಹೆದರುವ ಮಗುವನ್ನು ಕೊನೆಯವರೆಗೆ ಕಾಯಿಸಬೇಡಿ. ಉಳಿದವರ ಅಳು ಕೇಳುತ್ತಾ ನಿಲ್ಲುವುದೇ ಅದಕ್ಕೆ ಕಷ್ಟ.

ಗೋವಾದ ಸದಸ್ಯರು ಇದೇ ಮಾತುಗಳ ಕೊಂಕಣಿ ರೂಪಗಳನ್ನು, ನೀಲಗಿರಿ ಮತ್ತು ವಯನಾಡಿನವರು ತಮ್ಮ ಮನೆಯ ಮಕ್ಕಳು ನೋವಿಗೆ ಬಳಸುವ ಮಾತುಗಳನ್ನು ಬರೆದು ಕಳಿಸಿದರೆ ಪಟ್ಟಿಗೆ ಸೇರಿಸುತ್ತೇವೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ಆಸ್ಪತ್ರೆಗೆ ಹೊರಡುವ ಮುನ್ನ ಮನೆಯವರೆಲ್ಲ ಕೂತು ಒಮ್ಮೆ ಓದಿಕೊಳ್ಳಲಿ ಎಂದು ಕೊಟ್ಟಿದ್ದೇವೆ.